ಐದು ರೂಪಾಯಿ ಪ್ಯಾಕೆಟ್

ಸಿದ್ದಾಪುರ ಸಂತೆಯಿಂದ ಬರುವಾಗ ಜೀಪಿನಲ್ಲಿ ಪಕ್ಕದಲ್ಲಿ ಕೂತಿದ್ದ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಅಕ್ಕ ಮಗನ ಕೈಗೆ 5 ರೂಪಾಯಿಯ ಕುರುಕಲು ಪ್ಯಾಕೆಟ್ ಕೊಟ್ಟರು. ಏಳು ವರ್ಷದ ಹುಡುಗ, ಆಗಲೇ ಅಂಗಿ ಗುಂಡಿ ಕೂರ್ತಿಲ್ಲ.

'ಹಣ್ಣು ಕೊಡಬಹುದಲ್ವಾ ಅಕ್ಕ' ಅಂದೆ, ದೊಡ್ಡ ಬುದ್ಧಿವಂತನ ಹಾಗೆ.

'ಐದು ರೂಪಾಯಿಗೆ ಯಾವ ಹಣ್ಣು ಬರ್ತದೆ ಅಣ್ಣ? ನಾನು ತೋಟದಿಂದ ಬರೋ ತನಕ ಇವ ಮನೇಲೇ ಇರ್ಬೇಕು. ಹೊರಗೆ ಆಡೋಕೆ ಬಿಟ್ರೆ ಆನೆ.'

ನನ್ನ ಬಾಯಿ ಕಟ್ಟಿತು.

ಬೊಜ್ಜು ಬರೋದು ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆವು. ದೇಶದಲ್ಲಿ 5 ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇ 2.1 ಇದ್ದರು, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 3.4. ಮೈದಾ, ಪಾಮ್ ಎಣ್ಣೆ, ಸಕ್ಕರೆಯಿಂದ ಹೊಟ್ಟೆ ತುಂಬ್ತದೆ, ಮೈಗೆ ರಕ್ತ ಮಾತ್ರ ಬರೋದಿಲ್ಲ.

ಇಳಿಯುವಾಗ ಹುಡುಗ ನನಗೂ ಎರಡು ಚೂರು ಕೊಟ್ಟ. ತಿಂದೆ. ರುಚಿಯಾಗೇ ಇತ್ತು, ಏನ್ಮಾಡೋದು.