ನರಸಾಪುರದಿಂದ ನಗೋಯಾಕ್ಕೆ ಹೊರಟವರ ಕಡತ

ಆ ದಿನ ನರಸಾಪುರದ ಕಾರ್ಖಾನೆಯ ಎಚ್‌ಆರ್ ಕೋಣೆಗೆ ಬಂದವರು ಬಂಗಾರಪೇಟೆಯ ದಂಪತಿ. ಗಂಡ ಪ್ರೊಡಕ್ಷನ್ ಎಂಜಿನಿಯರ್. ಜಪಾನಿನ ನಗೋಯಾ ಹತ್ತಿರದ ಮಾತೃಸಂಸ್ಥೆಗೆ ಎರಡು ವರ್ಷದ ವರ್ಗಾವಣೆ. ಹೆಂಡತಿ ದಿನಾ ರೈಲಿನಲ್ಲಿ ವೈಟ್‌ಫೀಲ್ಡಿಗೆ ಹೋಗಿಬರುವ ಐಟಿ ಉದ್ಯೋಗಿ. ಜೊತೆಗೆ ಆರು ವರ್ಷದ ಮಗಳು. ಟಿಕೆಟ್ಟು, ವೀಸಾ ಖರ್ಚು, ಮೊದಲ ತಿಂಗಳ ವಸತಿ ಎಲ್ಲ ಆಗಲೇ ನಿಗದಿಯಾಗಿತ್ತು. ಆದರೂ ಬೆಳಗಿನ ಹೊತ್ತೆಲ್ಲ ಹೆಸರಿನ ಮೇಲೆಯೇ ಕಳೆಯಿತು.

ಕೋಲಾರ ಸೀಮೆಯಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಂ.’ ಎಂದಿದ್ದವನು ಮದುವೆ ನೋಂದಣಿಯಲ್ಲಿ ‘ಎಂ. ಮಂಜುನಾಥ’ ಆಗುತ್ತಾನೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ತಂದೆಯ ಹೆಸರೇ ಸರ್‌ನೇಮ್ ಜಾಗಕ್ಕೆ ಬಂದು ‘ಮಂಜುನಾಥ ಮುನಿಶಾಮಪ್ಪ’ ಆಗುತ್ತಾನೆ. ನಮಗೆ ಮೂವರೂ ಒಬ್ಬನೇ. ಜಪಾನಿನ ವಲಸೆ ಇಲಾಖೆಯ ಅಧಿಕಾರಿಗೆ ಹಾಗಲ್ಲ. ಇಲ್ಲಿನವರು ಮೊದಲು ಓಡುವುದು ನೋಟರಿಯ ಹತ್ತಿರ, ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟಿಗೆ. ಅದು ತಾತ್ಕಾಲಿಕ ಆಸರೆ ಅಷ್ಟೇ. ವಿದೇಶಿಯರಿಗೆ ಅಲ್ಲಿ ಕೊಡುವ ಗುರುತಿನ ಚೀಟಿ, ಅಂದರೆ ರೆಸಿಡೆನ್ಸ್ ಕಾರ್ಡಿನಲ್ಲಿ ಪಾಸ್‌ಪೋರ್ಟಿನ ಹೆಸರು ಪೂರ್ತಿ ಅಚ್ಚಾಗುತ್ತದೆ; ಬ್ಯಾಂಕಿನಲ್ಲಿ ಅದೇ ಹೆಸರು ಕಟಕಾನ ಎಂಬ ಜಪಾನಿ ಲಿಪಿಗೆ ಹೋಗುತ್ತದೆ. ಒಂದು ಕಡೆ ಅಕ್ಷರ ಬದಲಾದರೂ ಸಂಬಳ ಜಮಾ ಆಗುವುದು ತಡವಾಗಬಹುದು. ಮದುವೆ ಪ್ರಮಾಣಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ತಿದ್ದಿಸುವುದು ನಿಧಾನವಾದರೂ ಗಟ್ಟಿ ದಾರಿ.

ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯಿತ್ತು. ಇದು ಈ ಜಿಲ್ಲೆಗಳಲ್ಲಿ ತೀರಾ ಸಾಮಾನ್ಯ. ಹೆರಿಗೆಯ ವರದಿ ಹೋಗುವ ಹೊತ್ತಿಗೆ ಮಗುವಿಗೆ ಹೆಸರಿಟ್ಟಿರುವುದಿಲ್ಲ, ನಾಮಕರಣ ಮುಗಿದ ಮೇಲೆ ಯಾರೂ ಕಚೇರಿಗೆ ಹೋಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಹೆಸರು ಸೇರಿಸಲು ಅವಕಾಶವಿದೆ: ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ. ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿಗೇ ಹೋಗಬೇಕು. ಚೊಚ್ಚಲ ಹೆರಿಗೆ ತವರಿನಲ್ಲಾದ್ದರಿಂದ ಇವರು ಹೋಗಬೇಕಾಗಿದ್ದದ್ದು ಚಿಂತಾಮಣಿ ನಗರಸಭೆಗೆ. ನೌಕರನ ವೀಸಾ ಕೆಟ್ಟು ವರ್ಗಾವಣೆ ತಪ್ಪುವುದು ಅಪರೂಪ. ಹೆಂಡತಿ ಮಕ್ಕಳ ಕಾಗದ ಸಿಕ್ಕಿಹಾಕಿಕೊಂಡು ಆತ ಒಬ್ಬನೇ ಹೋಗಿ ಕೂರುವುದೇ ಹೆಚ್ಚು. ಆದರೂ ಕಂಪನಿಗಳ ಚೆಕ್‌ಲಿಸ್ಟಿನಲ್ಲಿ ಕುಟುಂಬದ ಕಾಗದ ಕೊನೆಯ ಪುಟದಲ್ಲಿರುತ್ತದೆ. ಅದನ್ನು ಮೊದಲ ಪುಟಕ್ಕೆ ತರಬೇಕು.

ನೌಕರನ ದಾರಿ ನೇರವಾಗಿದೆ. ಕಂಪನಿಯೊಳಗಿನ ವರ್ಗಾವಣೆಯ ವೀಸಾಗೆ, ಹೊರಡುವ ಮುನ್ನ ಇಲ್ಲಿನ ಕಂಪನಿಯಲ್ಲಿ ಕನಿಷ್ಠ ಒಂದು ವರ್ಷ ಬಿಡದೆ ಕೆಲಸ ಮಾಡಿರಬೇಕು. ಅಲ್ಲಿನ ಕಂಪನಿ ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ, ಅಂದರೆ ಸಿಒಇ, ತೆಗೆಸುತ್ತದೆ. ಇದಕ್ಕೆ ಒಂದರಿಂದ ಮೂರು ತಿಂಗಳು. ಕೈಗೆ ಬಂದ ಮೇಲೆ ವೀಸಾ ಬೇಗ ಆಗುತ್ತದೆ. ಆದರೆ ಸಿಒಇ ಬಾಳುವುದು ಮೂರೇ ತಿಂಗಳು. ಅಷ್ಟರೊಳಗೆ ಜಪಾನಿನಲ್ಲಿ ಕಾಲಿಡಬೇಕು. ಮನೆ ಸಿಕ್ಕ 14 ದಿನದೊಳಗೆ ಅಲ್ಲಿನ ಪುರಸಭೆಯಲ್ಲಿ ವಿಳಾಸ ಬರೆಸಬೇಕು.

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ನಾನು ಅಲ್ಲೇ ಕೂತು ಇಲ್ಲಿನ ಕಂಪನೀಗೆ ಕೆಲಸ ಮಾಡಬಹುದಾ?” ಈಚೆಗೆ ಎಲ್ಲ ಕಡತದಲ್ಲೂ ಬರುವ ಪ್ರಶ್ನೆ ಇದು. ಅವಲಂಬಿತರ ವೀಸಾದಲ್ಲಿ ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಲ್ಯಾಪ್‌ಟಾಪ್ ಭಾರತದ ಕಂಪನಿಯದೇ ಆದರೂ ಜಪಾನಿನಲ್ಲಿ ಕೂತು ಮಾಡಿದ ಕೆಲಸದ ಆದಾಯ ಅಲ್ಲಿನ ತೆರಿಗೆಗೆ ಒಳಪಡುತ್ತದೆ. ಹಾಗಾಗಿ ಬಹುಪಾಲು ಕಂಪನಿಗಳು ಒಪ್ಪುವುದಿಲ್ಲ. ಇಬ್ಬರ ಸಂಬಳದ ಮೇಲೆ ಮನೆಸಾಲದ ಕಂತು ನಡೆಯುತ್ತಿರುವಾಗ ಒಂದು ಸಂಬಳ ನಿಂತರೆ ವಿದೇಶ ಭತ್ಯೆ ಅಲ್ಲೇ ಕರಗಿಹೋಗುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ಈ ವೀಸಾದಲ್ಲಿ ಕರೆದೊಯ್ಯಲು ಬರುವುದಿಲ್ಲ. ಅವರು ಬರುವುದು ಪ್ರವಾಸಿ ವೀಸಾದಲ್ಲಿ, ಕೆಲವೇ ದಿನಕ್ಕೆ.

ಪಿಎಫ್ ವಿಷಯವನ್ನು ಹೊರಡುವ ಮೊದಲೇ ಮುಗಿಸಬೇಕು. ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್, ಅಂದರೆ ಇಲ್ಲಿನ ಪಿಎಫ್‌ಗೆ ಸೇರಿದವರೆಂಬ ಪತ್ರ, ತೆಗೆದುಕೊಂಡು ಇಲ್ಲಿ ಪಿಎಫ್ ಮುಂದುವರಿಸಿದವರಿಗೆ ಐದು ವರ್ಷದವರೆಗೆ ಜಪಾನಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ. ಆ ಕಾಗದ ಇಲ್ಲದಿದ್ದರೆ ಎರಡೂ ಕಡೆ ಕಟ್ಟಬೇಕಾದೀತು: ಅಲ್ಲಿ ಸಂಬಳದ ಶೇ. 18.3, ಅದರಲ್ಲಿ ಅರ್ಧ ನೌಕರನ ಕಿಸೆಯಿಂದ. ವಿನಾಯಿತಿ ಪಿಂಚಣಿಗೆ ಮಾತ್ರ. ಆರೋಗ್ಯ ವಿಮೆಗೆ ಅಲ್ಲೇ ಸೇರಬೇಕು, ಆಸ್ಪತ್ರೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ. 30 ನಾವು ಕೊಡಬೇಕು.

ತೆರಿಗೆಯಲ್ಲಿ ಎಡವುವುದು ಎರಡನೇ ವರ್ಷ. ಜನವರಿ 1ರಂದು ಯಾರ ವಿಳಾಸ ಜಪಾನಿನಲ್ಲಿದೆಯೋ ಅವರು ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು ಶೇ. 10 ನಿವಾಸಿ ತೆರಿಗೆ ಕಟ್ಟಬೇಕು. ಸಂಬಳದಲ್ಲಿ ಕಡಿತ ಶುರುವಾಗುವುದು ಜೂನ್‌ನಲ್ಲಿ. ಜನವರಿ ಮಧ್ಯದಲ್ಲಿ ಹೋದವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಬಾಬತ್ತಿನಲ್ಲಿ ಏನೂ ಕಡಿತವಿಲ್ಲ. ಆ ಸಂಬಳವನ್ನೇ ನಂಬಿ ಕಂತು ಹಾಕಿಕೊಂಡವರಿಗೆ ಮುಂದಿನ ವರ್ಷದ ಜೂನ್ ಬಿಗಿಯಾಗುತ್ತದೆ. ಭಾರತದ ಲೆಕ್ಕ ಬೇರೆ: ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದರೆ ಆ ವರ್ಷ ನಿವಾಸಿಯೇ. ಜನವರಿಯಲ್ಲಿ ಹೊರಟವರು ಮಾರ್ಚ್‌ವರೆಗಿನ ಜಪಾನ್ ಸಂಬಳವನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬೇಕು. ಅಲ್ಲಿನ ಕಡಿತದ ಚೀಟಿ, ‘ಗೆನ್ಸೆನ್ ಚೋಷೂಹ್ಯೋ’, ಎತ್ತಿಟ್ಟಿರಬೇಕು.

ಸಾಮಾನಿನ ಮಾತು ಬೇಗ ಮುಗಿಯಿತು. ಮನೆಯ ಮಿಕ್ಸಿ 230 ವೋಲ್ಟಿನದು, ಜಪಾನಿನಲ್ಲಿ 100 ವೋಲ್ಟ್. ಒಯ್ದರೆ ಸುಮ್ಮನೆ ತೂಕ. ಕುಕ್ಕರ್ ತಳ ಇಂಡಕ್ಷನ್‌ಗೆ ಆಗುವಂಥದ್ದಿರಲಿ. ಗಂಡನ ಬಿಪಿ ಮಾತ್ರೆ ಒಂದು ತಿಂಗಳಿಗಷ್ಟೇ ಮುಕ್ತ, ಹೆಚ್ಚಿಗೆ ಬೇಕಾದರೆ ಆಮದು ದೃಢೀಕರಣ ಪತ್ರ ಮೊದಲೇ ಪಡೆಯಬೇಕು. ಕೋಡೀನ್ ಇರುವ ಕೆಮ್ಮಿನ ಸಿರಪ್ ಚೀಲಕ್ಕೆ ಹಾಕದಿರುವುದೇ ಕ್ಷೇಮ.

ಮಧ್ಯಾಹ್ನದ ಹೊತ್ತಿಗೆ ದಿನಾಂಕ ಹೊಂದಿಸಿದ್ದಾಯಿತು. ಜಪಾನಿನ ಶಾಲೆ ತೆರೆಯುವುದು ಏಪ್ರಿಲ್‌ನಲ್ಲಿ. ಮೂವರ ಸಿಒಇ ಅರ್ಜಿಯೂ ಅಕ್ಟೋಬರ್‌ನಲ್ಲಿ ಒಟ್ಟಿಗೆ ಹೋಗಿ ಜನವರಿ ಮೊದಲ ವಾರ ಕೈಸೇರಿದರೆ, ಗಂಡ ತಿಂಗಳ ಮಧ್ಯದಲ್ಲಿ ಹೋಗಿ ಮನೆ ಹಿಡಿಯಬಹುದು. ತಾಯಿ ಮಗಳು ಮಾರ್ಚ್ ಕೊನೆಗೆ, ಅವಧಿ ಮುಗಿಯುವ ಮುನ್ನ ಸೇರಿಕೊಳ್ಳಬಹುದು. ಆಕೆಯ ನೋಟಿಸ್ ಅವಧಿ 90 ದಿನ. ಅಂದರೆ ಸಿಒಇ ಬರುವ ಮೊದಲೇ ರಾಜೀನಾಮೆ ಕೊಡಬೇಕು. ಆ ಅಪಾಯವನ್ನು ಆಕೆಯೊಬ್ಬಳೇ ಹೊರುವುದು ಸರಿಯಲ್ಲ. ಹಾಗಾಗಿ ಆಕೆಯ ಕಂಪನಿಗೆ ಎರಡು ವರ್ಷದ ಸಂಬಳರಹಿತ ರಜೆ ಕೇಳಿ ಪತ್ರ ಬರೆಯುವುದು, ಗಂಡನ ಕಂಪನಿಯಿಂದ ವರ್ಗಾವಣೆ ಆದೇಶದ ಪ್ರತಿ ಅದಕ್ಕೆ ಲಗತ್ತಿಸುವುದು, ನವೆಂಬರ್ ಕೊನೆಯವರೆಗೆ ಉತ್ತರ ಕಾಯುವುದು ಎಂದಾಯಿತು.