ಪರದೆಯ ಆಚೆಗಿನ ಕಿವಿ

ಇಂದು ಏಳನೆಯ ಬಾರಿಗೆ ಲ್ಯಾಪ್‌ಟಾಪ್ ಮುಂದೆ ಕುಳಿತು ಆಪ್ತಸಮಾಲೋಚಕರೊಂದಿಗೆ 50 ನಿಮಿಷ ಮಾತನಾಡಿದೆ. ಬಾಗಿಲು ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಪರದೆಯ ಮೂಲೆಯಲ್ಲಿ ಕಾಣುವ ನನ್ನದೇ ಮುಖದ ಪುಟ್ಟ ಚೌಕವನ್ನು ಮರೆಮಾಡಿದ ಮೇಲೆಯೇ ನನಗೆ ಮಾತು ಹೊರಡುತ್ತದೆ. ಮೊದಲೆರಡು ವಾರ ಆ ಚೌಕವನ್ನೇ ನೋಡುತ್ತ, ಉಕ್ಕಿ ಬಂದ ಅಳುವನ್ನೂ ತಡೆದುಕೊಂಡಿದ್ದೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾಕ್ರಮದಂತೆ, ಆತಂಕ ಹುಟ್ಟಿದ ಗಳಿಗೆಯಲ್ಲಿ ಮನಸ್ಸಿಗೆ ಬಂದ ಯೋಚನೆಯನ್ನು ಬರೆದು, ಅದರ ಪರವಾಗಿ ಮತ್ತು ವಿರುದ್ಧವಾಗಿ ಇರುವ ಪುರಾವೆಗಳನ್ನು ಎದುರುಬದುರು ಇಟ್ಟು ನೋಡುವುದು ನನಗೆ ಕೊಟ್ಟ ಅಭ್ಯಾಸ. 'ಉತ್ತರಿಸಲಿಲ್ಲ, ಅಂದರೆ ನನ್ನ ಮೇಲೆ ಬೇಸರವಾಗಿದೆ' ಎಂಬ ಒಂದೇ ಸಾಲು ನನ್ನ ನೋಟ್‌ಬುಕ್ಕಿನಲ್ಲಿ 11 ಸಲ ಬಂದಿರುವುದನ್ನು ಕಂಡಾಗ, ನಮ್ಮ ಜಗಳಗಳಲ್ಲಿ ನಾನು ಸಂಗಾತಿಯ ಮಾತಿಗಿಂತ ನನ್ನ ಊಹೆಗೇ ಹೆಚ್ಚು ಉತ್ತರ ಕೊಡುತ್ತಿದ್ದೆ ಎಂಬುದು ಮನದಟ್ಟಾಯಿತು.

ಎಲ್ಲದಕ್ಕೂ ಇದೇ ದಾರಿ ಎನ್ನಲಾರೆ. ಜೀವ ಕಳೆದುಕೊಳ್ಳುವ ಯೋಚನೆ ಒತ್ತರಿಸಿ ಬಂದಾಗ ಮುಂದಿನ ವಾರದ ವಿಡಿಯೋ ಕರೆಗೆ ಕಾಯಬಾರದು, ತಕ್ಷಣವೇ ತುರ್ತು ನೆರವು ಪಡೆಯಬೇಕು. ಮನೆಯಲ್ಲಿ ಹಿಂಸೆಯಿದ್ದರೆ ಅದೇ ಮನೆಯ ಕೋಣೆಯಿಂದ ಮನಬಿಚ್ಚಿ ಮಾತನಾಡುವುದೇ ಅಪಾಯವಾಗಬಹುದು. ಸಮಾಲೋಚಕರ ಓದೇನು, ನೋಂದಣಿಯಿದೆಯೇ, ನಾವು ಆಡಿದ ಮಾತು ಎಲ್ಲಿ ದಾಖಲಾಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಲು ಸಂಕೋಚ ಬೇಡ. ನಾನು ಕೇಳಿದೆ, ಅವರು ಬೇಸರಿಸಿಕೊಳ್ಳಲಿಲ್ಲ.

ಇಂದು ನಡುವೆ ನೆಟ್‌ವರ್ಕ್ ಕೈಕೊಟ್ಟು ಅವರ ಮುಖ ಸ್ತಬ್ಧವಾಯಿತು, ಧ್ವನಿಯೊಂದೇ ಉಳಿಯಿತು. "ಕೇಳಿಸುತ್ತಿದೆ, ಹೇಳಿ" ಎಂದರು. ಯಾರಿಗೂ ಹೇಳದ ಒಂದು ಸಂಗತಿಯನ್ನು ಆಗಲೇ ಹೇಳಿದೆ.