ಅಕೋಮ ಬಂಡೆಯ ಮೇಲೆ: ಹಿರಿಯರ ಮಾತು ಕೇಳಲು ಹೋಗುವವರಿಗೆ

ಅಕೋಮ ಎಂದರೆ ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೊ ಜನರು ಬಂಡೆಯೊಂದರ ನೆತ್ತಿಯಲ್ಲಿ ಕಟ್ಟಿಕೊಂಡ ಹಳೆಯ ಊರು. ಮೊದಲ ಸಲ ಹೋದಾಗ ನಾವು ಅದನ್ನು ನೋಡಲಿಲ್ಲ. ಅಂದು ಊರಿನಲ್ಲಿ ಏನೋ ಆಚರಣೆ. ಅಂಥ ದಿನಗಳಲ್ಲಿ ಹೊರಗಿನವರನ್ನು ಬಿಡುವುದಿಲ್ಲ. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬಕರ್ಕಿ ನಗರದಿಂದ ಸುಮಾರು 100 ಕಿಲೋಮೀಟರ್ ಪಶ್ಚಿಮಕ್ಕೆ ಬಂದು, 74 ವರ್ಷದ ಅಮ್ಮನನ್ನು ಕಾರಿನಿಂದ ಇಳಿಸದೆಯೇ ಹಿಂದಿರುಗಿದೆವು. ಆದ್ದರಿಂದ ಹೊರಡುವ ಮುನ್ನ ಬಂಡೆಯ ಬುಡದಲ್ಲಿರುವ ಸ್ಕೈ ಸಿಟಿ ಸಾಂಸ್ಕೃತಿಕ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಮೇಲೆ ಹೋಗುವುದು ಅವರ ವಾಹನದಲ್ಲಿ, ಅವರ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ.

ಆ ದಿನ ವ್ಯರ್ಥವಾಗಲಿಲ್ಲ. ಆಲ್ಬಕರ್ಕಿಗೆ ಮರಳಿ ಇಂಡಿಯನ್ ಪ್ಯೂಬ್ಲೊ ಸಾಂಸ್ಕೃತಿಕ ಕೇಂದ್ರದಲ್ಲಿ ಮಧ್ಯಾಹ್ನ ಕಳೆದೆವು. ರಾಜ್ಯದ 19 ಪ್ಯೂಬ್ಲೊ ಸಮುದಾಯಗಳು ಸೇರಿ 1976ರಲ್ಲಿ ತೆರೆದ ಜಾಗವಿದು. ಮೂಲನಿವಾಸಿ ಮಕ್ಕಳನ್ನು ಮನೆಯಿಂದಲೂ ಮಾತೃಭಾಷೆಯಿಂದಲೂ ಬೇರ್ಪಡಿಸಿದ ಹಳೆಯ ವಸತಿ ಶಾಲೆಯೊಂದು ಇದಕ್ಕೆ ಹತ್ತಿರದಲ್ಲೇ ಇತ್ತು. ಅಕೋಮಕ್ಕೆ ಮೊದಲು ಇಲ್ಲಿಗೆ ಬನ್ನಿ ಎಂದೇ ಹೇಳುತ್ತೇನೆ. ಇದನ್ನು ನೋಡಿದ್ದರಿಂದಲೇ ಅಲ್ಲಿನ ಹಿರಿಯರು ಮಾತಿನ ನಡುವೆ ಯಾಕೆ ಸುಮ್ಮನಾಗುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಎರಡು ದಿನ ಬಿಟ್ಟು ಮತ್ತೆ ಹೋದೆವು. ಬಯಲಿನಿಂದ ನೆಟ್ಟಗೆ ಎದ್ದ ಸುಮಾರು 110 ಮೀಟರ್ ಎತ್ತರದ ಬಂಡೆ. ನೆತ್ತಿಯ ಮೇಲೆ ಕಲ್ಲು ಮಣ್ಣಿನ ಮನೆಗಳು. ವಿದ್ಯುತ್ ಇಲ್ಲ, ನಲ್ಲಿ ಇಲ್ಲ. ವರ್ಷವಿಡೀ ಮೇಲೆ ಇರುವ ಕುಟುಂಬಗಳು ಈಗ ಕೆಲವೇ. ಉಳಿದವರು ಕೆಳಗಿನ ಅಕೋಮಿಟಾ, ಮೆಕಾರ್ಟೀಸ್ ಮುಂತಾದ ಊರುಗಳಲ್ಲಿದ್ದು ಹಬ್ಬಕ್ಕೆ ಮೇಲೆ ಬರುತ್ತಾರೆ. ಮನೆ ಹೆಣ್ಣುಮಕ್ಕಳಿಗೆ ಸೇರಿದ್ದು, ಅದರಲ್ಲೂ ಕಿರಿಯ ಮಗಳಿಗೆ. ಇದನ್ನು ಕೇಳಿ ಅಮ್ಮ ಮಾರ್ಗದರ್ಶಕಿಯಿಂದ ಮತ್ತೊಮ್ಮೆ ಹೇಳಿಸಿದರು.

ಬಂಡೆಯ ಮೇಲೆ ಸ್ಪೇನಿನವರು ಸಾನ್ ಎಸ್ತೆಬಾನ್ ಚರ್ಚ್ ಕಟ್ಟಿಸಲು ತೊಡಗಿದ್ದು 1629ರಲ್ಲಿ. ಅದರ ತೊಲೆಗಳನ್ನು ಸುಮಾರು 50 ಕಿಲೋಮೀಟರ್ ದೂರದ ಟೇಲರ್ ಬೆಟ್ಟದಿಂದ ಇದೇ ಜನ ಹೊತ್ತು ತಂದರು. ಅದಕ್ಕೂ 30 ವರ್ಷ ಹಿಂದೆ, 1599ರಲ್ಲಿ, ಸ್ಪೇನ್‌ನ ಸೈನಿಕರು ಇಲ್ಲಿ ನೂರಾರು ಜನರನ್ನು ಕೊಂದಿದ್ದರು. ಆ ತೊಲೆಗಳನ್ನು ಬರಿಯ ಕಲೆಯೆಂದು ನೋಡಿ ಬರಲು ನನ್ನಿಂದ ಆಗಲಿಲ್ಲ.

ಬೀದಿಯಲ್ಲಿ ಮೇಜು ಹಾಕಿ ಮಡಕೆ ಮಾರುವವರ ಬಳಿ ನಿಲ್ಲಲು ಸಮಯ ಉಳಿಸಿಕೊಳ್ಳಿ. ನಮ್ಮ ಪ್ರವಾಸದ ಸಾರವೆಲ್ಲ ಅಲ್ಲಿತ್ತು. ಅಮ್ಮನಷ್ಟೇ ವಯಸ್ಸಿನ ಅಜ್ಜಿಯೊಬ್ಬರು ಕುಳಿತಿದ್ದರು. ನಾನು ಮೊಬೈಲ್ ತೆಗೆದು, ಮಾತನ್ನು ಧ್ವನಿಮುದ್ರಿಸಿಕೊಳ್ಳಲೇ ಎಂದು ಕೇಳಿದೆ. ಅವರು ತಲೆಯಾಡಿಸಿ ಬೇಡವೆಂದರು. ಫೋಟೋಗೆ ಅನುಮತಿ ಚೀಟಿ ಬೇಕು. ವಿಡಿಯೋ, ಧ್ವನಿಮುದ್ರಣ ಅಲ್ಲಿ ನಿಷಿದ್ಧ. ನಾನು ಕೇಳಲೇಬಾರದಿತ್ತು. ಮೊಬೈಲ್ ಒಳಗಿಟ್ಟ ಮೇಲೆ ಅವರಾಗಿಯೇ ಮಾತಿಗೆ ತೊಡಗಿದರು.

ಚಿಕ್ಕವರಿದ್ದಾಗ ಬಂಡೆಯ ಹೊಂಡದಲ್ಲಿ ನಿಂತ ಮಳೆನೀರನ್ನು ಮಡಕೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುತ್ತಿದ್ದರಂತೆ. ತುಳುಕಿದರೆ ಅವರ ಅಜ್ಜಿ ಬೈಯುತ್ತಿರಲಿಲ್ಲ, ತುಳುಕಿದ ಜಾಗವನ್ನು ಸುಮ್ಮನೆ ನೋಡುತ್ತಿದ್ದರಂತೆ. ಬ್ರೆಡ್ ಸುಡುವ ದಿನ ಹೊರಗಿನ ಗುಮ್ಮಟದಂಥ ಮಣ್ಣಿನ ಒಲೆಯಾದ ಓರ್ನೊದೊಳಗೆ ಕಟ್ಟಿಗೆ ಉರಿಸಿ, ಕೆಂಡ ಬೂದಿ ಗುಡಿಸಿ ತೆಗೆದು, ಮೆಕ್ಕೆಜೋಳದ ಒಣ ಸಿಪ್ಪೆಯೊಂದನ್ನು ಎಸೆಯುತ್ತಿದ್ದರು. ಅದು ಹೊತ್ತಿಕೊಂಡರೆ ಶಾಖ ಹೆಚ್ಚು, ಮೆಲ್ಲಗೆ ಕಂದಿದರೆ ಹಿಟ್ಟಿನ ಮುದ್ದೆಗಳನ್ನು ಒಳಗಿಡುವ ಹೊತ್ತು. ಗೋಡೆಗೆ ಮಣ್ಣು ಮೆತ್ತುವ ಕೆಲಸ ಹೆಂಗಸರದು ಎಂದು ಹೇಳುತ್ತಾ ಅಂಗೈಯನ್ನು ಗಾಳಿಯಲ್ಲಿ ಅರ್ಧಚಂದ್ರಾಕಾರವಾಗಿ ಸವರಿದರು. ನಾನು ಅನುವಾದಿಸುವ ಮೊದಲೇ ಅಮ್ಮ ತಮ್ಮ ಅಂಗೈಯನ್ನು ಹಾಗೆಯೇ ಸವರಿದರು. ನಮ್ಮ ಹಳೆಯ ಮನೆಯ ಗೋಡೆ ಸಾರಿಸಿದ ಕೈ ಅದು. ಇಬ್ಬರೂ ನಕ್ಕರು. ಆಮೇಲೆ ಅಜ್ಜಿ ತಮ್ಮ ತಾಯಿಯನ್ನು ವಸತಿ ಶಾಲೆಗೆ ಕಳಿಸಿದ್ದನ್ನು, ಮರಳಿ ಬಂದವರು ಎಷ್ಟೋ ಕಾಲ ಮನೆಯಲ್ಲೂ ತಮ್ಮ ಮಾತೃಭಾಷೆಯಾದ ಕೆರೆಸ್ ಆಡಲು ಹಿಂಜರಿದದ್ದನ್ನು ಹೇಳಿ ಅಲ್ಲಿಗೇ ನಿಲ್ಲಿಸಿದರು. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ‘ಬರೆಯಿರಿ. ನನ್ನ ಹೆಸರು ಬೇಡ’ ಎಂದರು. ಪೂಜೆ, ಆಚರಣೆಗಳ ಬಗ್ಗೆ ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಮಡಕೆ ಕೊಳ್ಳುವಾಗ ಕೈಯಿಂದ ಮಾಡಿದ್ದೇ, ಅಚ್ಚಿನಲ್ಲಿ ಎರೆದು ಬಣ್ಣ ಹಚ್ಚಿದ್ದೇ ಎಂದು ಸಂಕೋಚವಿಲ್ಲದೆ ಕೇಳಿ, ಎರಡೂ ಮಾರಾಟಕ್ಕಿರುತ್ತವೆ. ಸಾಂಪ್ರದಾಯಿಕ ಮಡಕೆಯ ಜೇಡಿಮಣ್ಣಿಗೆ ಹಳೆಯ ಮಡಕೆ ಚೂರುಗಳ ಪುಡಿ ಬೆರೆಸಿ, ತೆಳುವಾಗಿ ಕಟ್ಟಿ, ಯುಕ್ಕಾ ಎಂಬ ಒಣನೆಲದ ಗಿಡದ ಎಲೆಯ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಬೆಲೆ ಹೆಚ್ಚು, ಆದರೆ ಚೌಕಾಸಿ ಮಾಡಬೇಡಿ. ನಾವು ಅಂಗೈಯಗಲದ ಒಂದನ್ನು ತಂದೆವು. ಉಗುರಿನಿಂದ ತಟ್ಟಿದರೆ ಕಂಚಿನ ಬಟ್ಟಲಿನಂತೆ ದನಿ ಬರುತ್ತದೆ.

ಜಾಗ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ, ನೆರಳು ಕಡಿಮೆ. ನೀರು, ಟೋಪಿ, ಮೈ ಮುಚ್ಚುವ ಬಟ್ಟೆ ಇರಲಿ. ಇಳಿಯುವಾಗ ಗಟ್ಟಿ ಮಂಡಿಯಿರುವವರು ಬಂಡೆಯಲ್ಲಿ ಕಡಿದ ಹಳೆಯ ಮೆಟ್ಟಿಲುಗಳಲ್ಲಿ ಬರಬಹುದು; ರಸ್ತೆಯಾಗುವ ತನಕ ಊರಿನವರು ಹತ್ತಿಳಿದದ್ದು ಇಂಥ ದಾರಿಗಳಲ್ಲೇ. ಹಿಡಿದುಕೊಳ್ಳಲು ಕೊರೆದ ಗುಳಿಗಳು ಸವೆದು ನುಣುಪಾಗಿವೆ, ಕೈ ತಾನಾಗಿ ಅಲ್ಲಿ ಕೂರುತ್ತದೆ. ವಾಹನದಲ್ಲಿ ಇಳಿದಿದ್ದ ಅಮ್ಮ ಕೆಳಗೆ ನೆರಳಿನಲ್ಲಿ ಕುಳಿತು, ಮೇಲಿನಿಂದ ಕೊಂಡು ತಂದ ಓರ್ನೊ ಬ್ರೆಡ್ಡನ್ನು ಮುರಿಯುತ್ತಿದ್ದರು. ಸಿಕ್ಕರೆ ಎರಡು ಕೊಳ್ಳಿ, ಅಂದೇ ತಿನ್ನಿ; ಮರುದಿನಕ್ಕೆ ಗಟ್ಟಿಯಾಗುತ್ತದೆ.